ಚಳಿಗಾಲದಲ್ಲಿ ಅಮ್ಮ ಬೀಳದಿರಲಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ತಪ್ಪದೇ ಬರುತ್ತೆ. "ಚಳಿಗೆ ಮೂಳೆ ಗಾಜಿನಂತಾಗುತ್ತದೆ, ಸ್ವಲ್ಪ ತಗುಲಿದರೂ ಪಟ್ ಅಂತ ಮುರಿಯುತ್ತದೆ, ಎಲ್ಲರಿಗೂ ಹಂಚಿ." ಕೆಳಗೆ ನಾಲ್ಕು ಕೈ ಮುಗಿದ ಎಮೋಜಿ. ಈ ವರ್ಷ ಕಳಿಸಿದ್ದು ದಾವಣಗೆರೆ ಚಿಕ್ಕಪ್ಪ.

ಇದು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಭಾಗ ಮೊದಲು ಮುಗಿಸಿಬಿಡೋಣ. ಹೊರಗೆ 5 ಡಿಗ್ರಿ ಇರಲಿ, 35 ಡಿಗ್ರಿ ಇರಲಿ, ನಮ್ಮ ದೇಹದ ಒಳಗೆ ಸುಮಾರು 37 ಡಿಗ್ರಿಯೇ. ಸೊಂಟದ ಮೂಳೆ ಸ್ನಾಯುಗಳ ನಡುವೆ ಬೆಚ್ಚಗೆ ಕೂತಿರುತ್ತೆ. ಬೀದರಿನ ಚಳಿಗಾಗಲಿ ಬೆಂಗಳೂರಿನ ಚಳಿಗಾಗಲಿ ಅದು ಗಾಜಾಗಲ್ಲ.

ನಿಜದ ಭಾಗ ಏನಂದ್ರೆ, ಚಳಿಗಾಲದಲ್ಲಿ ಮೂಳೆ ಮುರಿತ ಹೆಚ್ಚುತ್ತೆ. ಬಹಳಷ್ಟು ದೇಶಗಳ ಆಸ್ಪತ್ರೆ ಲೆಕ್ಕಗಳು ಇದನ್ನೇ ಹೇಳ್ತವೆ. ಮೂಳೆ ಬದಲಾಗಿಲ್ಲ, ಮುರಿತ ಮಾತ್ರ ಜಾಸ್ತಿ. ಹಾಗಾದ್ರೆ ಬದಲಾಗಿದ್ದು ಏನು? ಆಫೀಸಲ್ಲಿ ಕೋಡ್ ಮುಟ್ಟದೇ ಇದ್ರೂ ಸರ್ವರ್ ಬಿದ್ದಾಗ ನಾವು ಕೇಳೋ ಪ್ರಶ್ನೆಯೇ ಇದು.

ಸುಲಭದ ಉತ್ತರ: ಹಿಮ. ನಮ್ಮ ಟೀಮಿನ ಅರ್ಧ ಜನ ಇರೋದು ಸ್ಟಾಕ್‌ಹೋಮ್‌ನಲ್ಲಿ. ನಾನೂ ಒಂದು ಚಳಿಗಾಲ ಅಲ್ಲಿ ಕಳೆದಿದ್ದೀನಿ. ಅಲ್ಲಿಗೆ ಹೋಗೋ ಮುಂಚೆ ಎಲ್ಲರೂ ಹೇಳಿದ್ದು ಜಾಕೆಟ್ ಬಗ್ಗೆ, ಥರ್ಮಲ್ ಬಗ್ಗೆ. ಶೂ ಬಗ್ಗೆ ಹೇಳಿದವರು ಒಬ್ಬರೂ ಇಲ್ಲ.

ಹೊಸ ಹಿಮ ಅಷ್ಟು ಅಪಾಯ ಅಲ್ಲ. ಮೆತ್ತಗಿರುತ್ತೆ, ಕಾಲು ಹೂತುಕೊಳ್ಳುತ್ತೆ. ಭಯ ಪಡಬೇಕಾದ್ದು ಹಗಲು ಸ್ವಲ್ಪ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟೋ ದಿನಗಳಿಗೆ. ಆಗ ಫುಟ್‌ಪಾತ್ ಮೇಲೆ ತೆಳ್ಳಗೆ, ಗಾಜಿನಂಥ ಒಂದು ಪದರ ಬರುತ್ತೆ. ನೋಡೋಕೆ ಒದ್ದೆ ಡಾಂಬರಿನ ಹಾಗೇ ಕಾಣುತ್ತೆ. ಇನ್ನೊಂದು ವಿಚಿತ್ರ: ಮೈನಸ್ 25ರ ಮಂಜುಗಡ್ಡೆಗಿಂತ ಸೊನ್ನೆಯ ಸಮೀಪದ ಮಂಜುಗಡ್ಡೆ ಹೆಚ್ಚು ಜಾರುತ್ತೆ. ಬಿಸಿ ಹೆಚ್ಚಿದಷ್ಟೂ ಅದರ ಮೇಲ್ಮೈ ಸಡಿಲ ಆಗಿ ನೀರಿನಂತೆ ವರ್ತಿಸುತ್ತೆ. ಹಾಗಾಗಿ "ಇವತ್ತು ಅಷ್ಟೇನೂ ಚಳಿ ಇಲ್ಲ" ಅನ್ನಿಸೋ ದಿನವೇ ಜನ ಬೀಳೋದು.

ಹೀಗೆ ಹೊರಗೆ ಬೀಳೋರಲ್ಲಿ ನಮ್ಮ ವಯಸ್ಸಿನವರೂ ತುಂಬಾ ಜನ. ಬೀಳುವಾಗ ಕೈ ತಾನಾಗೇ ಮುಂದೆ ಬರುತ್ತೆ, ಇಡೀ ದೇಹದ ಭಾರ ಅಂಗೈ ಮೇಲೆ ಬೀಳುತ್ತೆ, ಮಣಿಕಟ್ಟಿನ ಹತ್ತಿರ ಮುಂಗೈ ಮೂಳೆ ಮುರಿಯುತ್ತೆ. ವೈದ್ಯರು ಇದನ್ನು ಕಾಲಿಸ್ ಫ್ರಾಕ್ಚರ್ ಅಂತಾರೆ. 1814ರಲ್ಲಿ ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಇದನ್ನು ವಿವರಿಸಿ ಬರೆದಾಗ ಎಕ್ಸ್-ರೇ ಇನ್ನೂ ಹುಟ್ಟೇ ಇರಲಿಲ್ಲ, ಅದು ಬಂದಿದ್ದು 1895ರಲ್ಲಿ. ಮುಟ್ಟಿ, ನೋಡಿ ಕಂಡುಹಿಡಿದಿದ್ದು.

ಅಲ್ಲಿಗೆ ಹೋಗೋರಿಗೆ ಎರಡು ಮಾತು. ಶೂ ಕೆಳಗೆ ಹಾಕ್ಕೊಳ್ಳೋ ಮೊಳೆಪಟ್ಟಿ ಸಿಗುತ್ತೆ, ಸ್ವೀಡನ್ನಿನಲ್ಲಿ ಬ್ರೊಡ್ಡರ್ ಅಂತಾರೆ, ಎಷ್ಟೋ ಊರುಗಳಲ್ಲಿ ನಗರಸಭೆಯೇ ಹಿರಿಯರಿಗೆ ಉಚಿತವಾಗಿ ಕೊಡುತ್ತೆ. ಅದನ್ನು ಹಾಕ್ಕೊಳ್ಳೋಕೆ ನಾಚಿಕೆ ಬೇಡ. ಅಂಗಡಿ ಒಳಗೆ ಹೋಗುವಾಗ ಮಾತ್ರ ಬಿಚ್ಚಿ, ನುಣುಪು ನೆಲದ ಮೇಲೆ ಆ ಮೊಳೆಗಳೇ ಜಾರುತ್ತವೆ. ಎರಡನೇದು, ಪೆಂಗ್ವಿನ್ ಹಾಗೆ ನಡೆಯಿರಿ. ಚಿಕ್ಕ ಹೆಜ್ಜೆ, ಪಾದ ಸ್ವಲ್ಪ ಹೊರಕ್ಕೆ, ಭಾರ ಮುಂದಿನ ಕಾಲ ಮೇಲೆ, ಕೈ ಜೇಬಿನಿಂದ ಹೊರಗೆ. ಫೋನ್ ಬ್ಯಾಗಿನೊಳಗೆ. ನೀವು ಈ ಅಂಕಣ ಓದ್ತಿರೋ ಫೋನೂ ಸೇರಿ.

ಆದ್ರೆ ಹಿಮದ ಉತ್ತರ ಪೂರ್ತಿ ಉತ್ತರ ಅಲ್ಲ. ನಂಗೆ ಕುತೂಹಲ ಶುರುವಾಗಿದ್ದೇ ಇಲ್ಲಿ. ವಯಸ್ಸಾದವರಲ್ಲಿ ಅತಿ ಕೆಟ್ಟ ಮುರಿತ ಅಂದ್ರೆ ಸೊಂಟದ್ದು, ತೊಡೆಮೂಳೆಯ ಮೇಲ್ತುದಿ ಮುರಿಯೋದು. ಅದು ಹೆಚ್ಚಾಗಿ ಆಗೋದು ರಸ್ತೆಯಲ್ಲಲ್ಲ, ಮನೆಯೊಳಗೆ. ನಿಂತ ಎತ್ತರದಿಂದ ಸುಮ್ಮನೆ ಬಿದ್ದು. ಹಿಮವೇ ಬೀಳದ ಊರುಗಳಲ್ಲೂ ಚಳಿಗಾಲದಲ್ಲಿ ಇದು ಏರುತ್ತೆ. ಮನೆಯೊಳಗೆ ಹಿಮ ಎಲ್ಲಿಂದ ಬರಬೇಕು?

ಕಾರಣ ಒಂದೇ ಅಲ್ಲ, ಚಿಕ್ಕ ಚಿಕ್ಕವು ಏಳೆಂಟು ಸೇರಿಕೊಳ್ತವೆ. ಚಳಿಗೆ ಸ್ನಾಯು ಬಿಗಿಯುತ್ತೆ, ಎಡವಿದಾಗ ಸಾವರಿಸಿಕೊಳ್ಳೋ ಪ್ರತಿಕ್ರಿಯೆ ನಿಧಾನ ಆಗುತ್ತೆ. ಪಾದ ಮರಗಟ್ಟಿದ್ರೆ ನೆಲ ಸರಿಯಾಗಿ ಗೊತ್ತಾಗಲ್ಲ. ಮೈಮೇಲೆ ಸ್ವೆಟರ್, ಶಾಲು, ಕಾಲಿಗೆ ಸಾಕ್ಸ್. ಚಳಿಗೆ ಮೂತ್ರ ಹೆಚ್ಚು ಬರುತ್ತೆ, ರಾತ್ರಿ ಎರಡು ಸಲ ಏಳೋರು ನಾಲ್ಕು ಸಲ ಏಳ್ತಾರೆ. ಬಿಸಿ ಹೊದಿಕೆಯಿಂದ ಫಕ್ಕನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತೆ, ಬಿಪಿ ಮಾತ್ರೆ ಅಥವಾ ನಿದ್ದೆ ಮಾತ್ರೆ ತಗೊಳ್ಳೋರಿಗೆ ಇನ್ನೂ ಜಾಸ್ತಿ. ಕತ್ತಲು ಬೇಗ, ಬೆಳಕು ತಡ. ಚಳಿ ಅಂತ ವಾಕಿಂಗ್ ನಿಂತಿರುತ್ತೆ, ಎರಡು ತಿಂಗಳಲ್ಲಿ ಕಾಲಿನ ಶಕ್ತಿ ಕುಗ್ಗಿರುತ್ತೆ. ಪೊರೆ ಬಂದ ಕಣ್ಣಿಗೆ ಮಬ್ಬು ಬೆಳಕಲ್ಲಿ ಹೊಸ್ತಿಲು ಕಾಣಲ್ಲ. ಇದರಲ್ಲಿ ಯಾವುದೊಂದೂ ಅವರನ್ನು ಬೀಳಿಸಲ್ಲ, ನಾಲ್ಕು ಒಟ್ಟಿಗೆ ಸೇರಿದ್ರೆ ಬೀಳಿಸುತ್ತೆ.

ಇದೇ ಪಟ್ಟಿಯನ್ನು ಈಗ ನಮ್ಮ ಕಡೆ ಮನೆಯೊಂದರ ಧನುರ್ಮಾಸಕ್ಕೆ ಹಾಕಿ ನೋಡಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಬೆಳಗಾಗುವ ಮುಂಚೆ ಪೂಜೆ ಮುಗೀಬೇಕು. ವರ್ಷದ ಅತಿ ಚಳಿಯ ತಿಂಗಳು, ಅತಿ ಕತ್ತಲ ಹೊತ್ತು. ಮನೆಯ ಹಿರಿ ಹೆಂಗಸು ನಾಲ್ಕೂವರೆಗೆ ಎದ್ದು, ತಲೆಗೆ ನೀರು ಹಾಕ್ಕೊಂಡು, ಒದ್ದೆ ಕಾಲಲ್ಲೇ ಬಂದು, ಬಾಗಿಲ ಮುಂದೆ ನೀರು ಚೆಲ್ಲಿ ಗುಡಿಸಿ, ಬಗ್ಗಿ ರಂಗೋಲಿ ಹಾಕಿ, ಆಮೇಲೆ ಹುಗ್ಗಿಗೆ ಇಡೋದು. ಮುಂಚೆ ಅಂಗಳ ಮಣ್ಣಿನದು, ಸಗಣಿ ಸಾರಿಸಿದ್ದು, ಕಾಲಿಗೆ ಹಿಡಿತ ಇತ್ತು. ಈಗ ಅದೇ ಜಾಗದಲ್ಲಿ ಪಾಲಿಶ್ ಮಾಡಿದ ಗ್ರಾನೈಟ್. ಕೆಲಸ ಹಳೇದು, ನೆಲ ಹೊಸದು. ಧನುರ್ಮಾಸ ಬಿಡಿ ಅಂತ ನಾನು ಹೇಳ್ತಿಲ್ಲ, ಆ ಹುಗ್ಗಿ ನಂಗೂ ಬೇಕು. ಆದ್ರೆ ಗೃಹಪ್ರವೇಶದಲ್ಲಿ ಎಲ್ಲರೂ ಹೊಗಳೋ ಆ ಹೊಳೆಯೋ ನೆಲ ನಮ್ಮ ಮನೆಗಳಿಗೆ ನಾವೇ ತಂದುಕೊಂಡ ಮಂಜುಗಡ್ಡೆ.

ನಮ್ಮಜ್ಜಿ ಬಿದ್ದದ್ದು 2019ರ ಧನುರ್ಮಾಸದಲ್ಲಿ, ಅರಸೀಕೆರೆ ಮನೆಯಲ್ಲಿ. ಆಗ ಅವರಿಗೆ 78. ಯಾರಿಗೂ ಎಚ್ಚರ ಆಗಬಾರದು ಅಂತ ಲೈಟ್ ಹಾಕದೇ, ಸಾಕ್ಸ್ ಹಾಕಿದ ಕಾಲಲ್ಲಿ ಬಚ್ಚಲ ಕಡೆ ಹೊರಟಿದ್ರು. ಹೊಸ್ತಿಲ ಹತ್ತಿರ ಪಕ್ಕಕ್ಕೆ ಬಿದ್ದರು. ಸದ್ದು ಕೂಡ ದೊಡ್ಡದಾಗಿ ಬರಲಿಲ್ಲವಂತೆ. ಎಡಗಾಲು ಬಲಗಾಲಿಗಿಂತ ಗಿಡ್ಡ ಆದ ಹಾಗೆ ಕಾಣ್ತಿತ್ತು, ಪಾದ ಹೊರಕ್ಕೆ ತಿರುಗಿತ್ತು. ಪಕ್ಕದ ಮನೆಯವರು ಬಂದು ಎಣ್ಣೆ ಹಚ್ಚಿ ನೀವೋಣ ಅಂದ್ರು, ಇನ್ನೊಬ್ಬರು ನಾಟಿ ಕಟ್ಟು ಕಟ್ಟುವವರ ನಂಬರ್ ಕೊಟ್ಟರು. ದೊಡ್ಡಮಾವ ಯಾರ ಮಾತೂ ಕೇಳದೆ ಅಲುಗಾಡದ ಹಾಗೆ ಮಲಗಿಸಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ರು.

ಈ ಲಕ್ಷಣ ನೆನಪಿಟ್ಟುಕೊಳ್ಳಿ: ವಯಸ್ಸಾದವರು ಬಿದ್ದ ಮೇಲೆ ಕಾಲು ಗಿಡ್ಡವಾಗಿ, ಹೊರಕ್ಕೆ ತಿರುಗಿದ್ರೆ ಅದು ಸೊಂಟದ ಮುರಿತ ಇರೋ ಸಾಧ್ಯತೆ ತುಂಬಾ ಹೆಚ್ಚು. ನೀವಬೇಡಿ, ಎಬ್ಬಿಸಿ ನಡೆಸಿ ನೋಡಬೇಡಿ. ಕೈ ಬೆರಳಿಗೆ ಪಟ್ಟಿ ಕಟ್ಟಿದ ಹಾಗೆ ಇದಕ್ಕೆ ಹೊರಗಿನಿಂದ ಕಟ್ಟೋಕೆ ಆಗಲ್ಲ. ಸಾಮಾನ್ಯವಾಗಿ ಆಪರೇಷನ್ನೇ ಬೇಕು, ಅದೂ 24ರಿಂದ 48 ಗಂಟೆಯೊಳಗೆ ಆದ್ರೆ ಒಳ್ಳೇದು. ಕಾರಣ ಮೂಳೆಗಿಂತ ಹೆಚ್ಚಾಗಿ ಹಾಸಿಗೆ. ಮಲಗಿದಲ್ಲೇ ಇದ್ರೆ ಶ್ವಾಸಕೋಶದ ಸೋಂಕು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಬೆನ್ನಿನ ಹುಣ್ಣು ಒಂದರ ಹಿಂದೊಂದು ಬರ್ತವೆ. ಸೊಂಟ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ತಾರೆ ಅನ್ನೋದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಲೆಕ್ಕ. ಉಳಿದವರಲ್ಲೂ ಬಹಳ ಜನ ಮುಂಚಿನ ಹಾಗೆ ಓಡಾಡಲ್ಲ.

ಅಜ್ಜಿಗೆ ಆಪರೇಷನ್ ಆಯ್ತು, ವಾಕರ್ ಹಿಡಿದು ನಡೆದ್ರು. ಹನ್ನೊಂದು ತಿಂಗಳು ಬದುಕಿದ್ರು. ಅಂಗಳಕ್ಕೆ ಮತ್ತೆ ಇಳಿಯಲಿಲ್ಲ. ಕೊನೆಗೆ ಹೋಗಿದ್ದು ನ್ಯುಮೋನಿಯಾದಿಂದ, ಆದ್ರೆ ಮನೆಯಲ್ಲಿ ಎಲ್ಲರೂ ಲೆಕ್ಕ ಇಡೋದು ಆ ಬೆಳಗಿನ ಜಾವದಿಂದಲೇ.

ಈಗ ಅಮ್ಮನ ವಿಷಯ. ಅವರಿಗೆ 58. ಎರಡು ವರ್ಷದ ಹಿಂದೆ ಜನವರಿಯಲ್ಲಿ ಬಾಗಿಲ ಮುಂದಿನ ಒದ್ದೆ ಗ್ರಾನೈಟಿನ ಮೇಲೆ ಜಾರಿ ಮಣಿಕಟ್ಟು ಮುರ್ಕೊಂಡ್ರು. ಆರು ವಾರ ಪ್ಲಾಸ್ಟರ್. ಮೂಳೆ ಕೂಡಿತು, ಡಾಕ್ಟರು "ಎಲ್ಲಾ ಸರಿ ಹೋಯ್ತು" ಅಂದ್ರು, ಅಲ್ಲಿಗೆ ಫೈಲ್ ಮುಚ್ಚಿತು. ಯಾಕೆ ಮುರೀತು ಅಂತ ಆ ಆಸ್ಪತ್ರೆಯಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮ ಕೆಲಸದಲ್ಲಾದ್ರೆ ಇದನ್ನು ಬಗ್ ಫಿಕ್ಸ್ ಅನ್ನಲ್ಲ, ಸರ್ವರ್ ರೀಸ್ಟಾರ್ಟ್ ಅಂತೀವಿ.

ಯಾಕಂದ್ರೆ 50 ದಾಟಿದ ಹೆಂಗಸು ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದುಕೊಂಡ್ರೆ ಅದು ಎಚ್ಚರಿಕೆ ಗಂಟೆ. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಂದು ಮುರಿತದ ಸಂಭವ ಹೆಚ್ಚುಕಮ್ಮಿ ಎರಡರಷ್ಟು. ಮೂಳೆ ಅನ್ನೋದು ಕಲ್ಲಲ್ಲ, ದಿನಾ ಒಡೆದು ದಿನಾ ಕಟ್ಟೋ ಮನೆ. ಮೂವತ್ತರ ಆಸುಪಾಸಿನವರೆಗೆ ಕಟ್ಟೋದು ಜಾಸ್ತಿ, ಆಮೇಲೆ ನಿಧಾನವಾಗಿ ಒಡೆಯೋದು ಜಾಸ್ತಿ. ಮುಟ್ಟು ನಿಂತ ಮೇಲಿನ ಐದಾರು ವರ್ಷಗಳಲ್ಲಿ ಈಸ್ಟ್ರೋಜನ್ ಕುಸಿಯೋದ್ರಿಂದ ಈ ಸೋರಿಕೆ ಬಹಳ ವೇಗವಾಗಿರುತ್ತೆ. ನೋವಿಲ್ಲ, ಸದ್ದಿಲ್ಲ. ಮುರಿದಾಗಲೇ ಗೊತ್ತಾಗೋದು.

ಅದನ್ನು ಮೊದಲೇ ಅಳೆಯೋಕೆ ಡೆಕ್ಸಾ ಸ್ಕ್ಯಾನ್ ಇದೆ. ಹತ್ತು ಹದಿನೈದು ನಿಮಿಷ ಮಲಗೋದು ಅಷ್ಟೇ, ವಿಕಿರಣ ತುಂಬಾ ಕಡಿಮೆ. ಟಿ-ಸ್ಕೋರ್ ಅಂತ ಒಂದು ಅಂಕಿ ಬರುತ್ತೆ. ಮೈನಸ್ 1ರವರೆಗೆ ಪರವಾಗಿಲ್ಲ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದ್ರೆ ಆಸ್ಟಿಯೊಪೊರೋಸಿಸ್. ಮಾಲಿನಲ್ಲಿ, ಕ್ಯಾಂಪಿನಲ್ಲಿ ಹಿಮ್ಮಡಿ ಇಟ್ಟು ಪುಕ್ಕಟೆ ಮಾಡೋ ಪರೀಕ್ಷೆ ಇದಲ್ಲ, ಅದರ ಮೇಲೆ ರೋಗ ತೀರ್ಮಾನ ಮಾಡೋಕೆ ಬರಲ್ಲ. 65 ದಾಟಿದ ಹೆಂಗಸರು, ಅದಕ್ಕಿಂತ ಚಿಕ್ಕವರಾದ್ರೂ ಮುಟ್ಟು ನಿಂತು ಮೂಳೆ ಮುರಿದವರು, ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತಗೊಂಡವರು, ತಂದೆ ತಾಯಿಗೆ ಸೊಂಟ ಮುರಿದಿದ್ದವರು ಡಾಕ್ಟರ ಹತ್ತಿರ ಇದನ್ನು ಬಾಯಿಬಿಟ್ಟು ಕೇಳಬೇಕು. ಅಮ್ಮನಿಗೆ ಈ ಸೆಪ್ಟೆಂಬರಿನಲ್ಲಿ ಮಾಡಿಸಿದ್ವಿ. ಮೈನಸ್ 2.7. ಈಗ ವಾರಕ್ಕೊಂದು ಮಾತ್ರೆ. ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ತಗೊಂಡು ಅರ್ಧ ಗಂಟೆ ಮಲಗೋ ಹಾಗಿಲ್ಲ, ಕಾಫಿ ಕೂಡ ಕುಡಿಯೋ ಹಾಗಿಲ್ಲ. ಈ ಕೊನೇ ಷರತ್ತು ಅವರಿಗೆ ಮುರಿತಕ್ಕಿಂತ ದೊಡ್ಡ ಕಷ್ಟ.

ಇಷ್ಟು ಓದಿದ ಮೇಲೆ "ವಿಟಮಿನ್ ಡಿ?" ಅಂತ ಕೇಳೇ ಕೇಳ್ತೀರಿ. ಸೂರ್ಯನ ಯುವಿ-ಬಿ ಕಿರಣ ಚರ್ಮಕ್ಕೆ ಬಿದ್ರೆ ಡಿ ತಯಾರಾಗುತ್ತೆ, ಅದಿದ್ರೆ ಕರುಳು ಕ್ಯಾಲ್ಸಿಯಂ ಹೀರುತ್ತೆ. ಡಿಸೆಂಬರ್ 21ರ ನಡುಮಧ್ಯಾಹ್ನ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ದಿಗಂತದಿಂದ ಬರೀ 7 ಡಿಗ್ರಿ ಮೇಲಿರುತ್ತೆ, ಹಗಲು ಆರೇ ಗಂಟೆ. ಅಲ್ಲಿ ಚಳಿಗಾಲದ ಬಿಸಿಲು ಫೋಟೋಗೆ ಚೆಂದ, ಡಿ ಲೆಕ್ಕಕ್ಕೆ ಸೊನ್ನೆ. ಬೆಂಗಳೂರಿನಲ್ಲಿ ಅದೇ ದಿನ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿ. ಬಿಸಿಲಿಗೆ ಬರ ಇಲ್ಲ. ಆದ್ರೂ ನಮ್ಮ ಟೀಮಿನಲ್ಲಿ ಟೆಸ್ಟ್ ಮಾಡಿಸಿದ ಹೆಚ್ಚಿನವರಿಗೆ ಡಿ ಕೊರತೆ, ಯಾಕಂದ್ರೆ ನಾವು ಬಿಸಿಲು ನೋಡೋದು ಆಫೀಸ್ ಗಾಜಿನ ಒಳಗಿಂದ. ಕಿಟಕಿ ಗಾಜು ಯುವಿ-ಬಿಯನ್ನು ತಡೆಯುತ್ತೆ. ಎಳೆಬಿಸಿಲೇ ಒಳ್ಳೇದು ಅನ್ನೋ ಮಾತೂ ಇಲ್ಲಿ ಅಷ್ಟು ಸರಿಯಲ್ಲ, ಏಳು ಗಂಟೆಯ ಓರೆ ಬಿಸಿಲಲ್ಲಿ ಯುವಿ-ಬಿ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರೋ ಹೊತ್ತೇ ಬೇಕು. ಊಟ ಆದ ಮೇಲೆ ಕ್ಯಾಂಪಸ್ಸಿನಲ್ಲಿ ಕಾಲು ಗಂಟೆ ತಿರುಗಾಡಿ, ತೋಳು ಮಡಚಿಕೊಂಡು.

ಹಾಗಂತ ಮಾತ್ರೆ ನುಂಗಿದ್ರೆ ಮುರಿತ ನಿಲ್ಲುತ್ತೆ ಅಂತಲೂ ಅಲ್ಲ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ವೈಟಲ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಸಾಮಾನ್ಯವಾಗಿ ಆರೋಗ್ಯವಾಗಿರೋ ಮಧ್ಯವಯಸ್ಕರು, ಹಿರಿಯರು ದಿನಕ್ಕೆ 2000 ಯೂನಿಟ್ ಡಿ ತಗೊಂಡ್ರೂ ಮುರಿತ ಕಮ್ಮಿ ಆಗಲಿಲ್ಲ. ಕೊರತೆ ಇದ್ದವರಿಗೆ ಬೇಕು, ಇಲ್ಲದವರಿಗೆ ಅದು ಮಂತ್ರ ಅಲ್ಲ. ವಾರಕ್ಕೊಂದು 60 ಸಾವಿರ ಯೂನಿಟ್ಟಿನ ಸ್ಯಾಷೆಯನ್ನು ಯಾರದೋ ಮಾತು ಕೇಳಿ ವರ್ಷಗಟ್ಟಲೆ ನುಂಗೋರು ನನ್ನ ಪರಿಚಯದಲ್ಲೇ ಇದ್ದಾರೆ. ಡಿ ಅತಿಯಾದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಕ್ಯಾಲ್ಸಿಯಂಗೆ ನಾವು ಪುಣ್ಯವಂತರು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಹತ್ತಿರಹತ್ತಿರ 350 ಮಿಲಿಗ್ರಾಂ, ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾದ ಸಾವಿರದಲ್ಲಿ ಮೂರನೇ ಒಂದು ಪಾಲು. ಮೊಸರು, ನುಗ್ಗೆಸೊಪ್ಪು, ಸಂಕ್ರಾಂತಿಯ ಎಳ್ಳು. ಎಲ್ಲಾ ನಮ್ಮ ಚಳಿಗಾಲದ ಅಡುಗೆಯಲ್ಲೇ ಇದೆ.

ಆದ್ರೆ ಬೀಳದಿದ್ರೆ ಮುರಿಯಲ್ಲ. ಅದಕ್ಕೇ ನನ್ನ ಮಟ್ಟಿಗೆ ಮಾತ್ರೆಗಿಂತ ಮೊದಲು ಮನೆ. ದೀಪಾವಳಿ ರಜೆಗೆ ಊರಿಗೆ ಹೋದಾಗ ಎರಡು ದಿನ ಇದೇ ಕೆಲಸ ಮಾಡಿದೆ. ರಾತ್ರಿ ಒಮ್ಮೆ ಲೈಟ್ ಆರಿಸಿ, ಅಮ್ಮನ ಮಂಚದಿಂದ ಬಚ್ಚಲವರೆಗೆ ನಡೆದೆ. ದಾರಿಯಲ್ಲಿ ಸಿಕ್ಕಿದ್ದು: ಮಡಚಿಕೊಳ್ಳೋ ಕಾಲೊರಸು, ಫ್ರಿಜ್ಜಿನ ಸ್ಟೆಬಿಲೈಜರ್ ವೈರು, ಎರಡಿಂಚಿನ ಹೊಸ್ತಿಲು, ಕೈಗೆಟುಕದ ಸ್ವಿಚ್ಚು. ಕಾಲೊರಸು ತೆಗೆದು ಕೆಳಗೆ ರಬ್ಬರ್ ಇರೋದು ಹಾಕಿದೆ. ವೈರು ಗೋಡೆಗೆ ಹೋಯ್ತು. ಮನುಷ್ಯರು ಬಂದ್ರೆ ತಾನೇ ಹತ್ತೋ ಚಿಕ್ಕ ಲೈಟು ಎರಡು. ಬಚ್ಚಲಲ್ಲಿ ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಒಂದೊಂದು ಸ್ಟೀಲ್ ಹಿಡಿಕೆ, ಗೋಡೆಗೆ ಸ್ಕ್ರೂ ಹೊಡೆದದ್ದು. ಅಂಟಿಸೋ ಪ್ಲಾಸ್ಟಿಕ್ ಹಿಡಿಕೆ ಬೇಡ, ಬೀಳುವಾಗ ಅದೂ ಜೊತೆಗೇ ಬರುತ್ತೆ. ಬಾಗಿಲ ಮುಂದಿನ ಗ್ರಾನೈಟಿಗೆ ಮೇಸ್ತ್ರಿ ಕರೆಸಿ ಗೀರು ಹೊಡೆಸಿದೆವು. ಸವೆದ ಹವಾಯಿ ಚಪ್ಪಲಿ ಎಸೆದು ಹಿಂದೆ ಪಟ್ಟಿ ಇರೋ ರಬ್ಬರ್ ಚಪ್ಪಲಿ ತಂದೆ.

ಅಮ್ಮನನ್ನು ಒಪ್ಪಿಸೋದೇ ದೊಡ್ಡ ಕೆಲಸ. "ನಂಗೇನು ಅಷ್ಟು ವಯಸ್ಸಾಗಿದ್ಯೇನೋ? ಯಾರಾದ್ರೂ ಬಂದು ನೋಡಿದ್ರೆ ಆಸ್ಪತ್ರೆ ಅನ್ಕೋತಾರೆ" ಅಂದ್ರು. ನಾನು ಅಜ್ಜಿ ಹೆಸರು ಎತ್ತಲಿಲ್ಲ. "ಅಪ್ಪನಿಗೆ ಮಂಡಿನೋವು ಅಲ್ವಾ, ಅವರಿಗೆ ಅಂತ ಹಾಕ್ಸಿದ್ದು ಕಣಮ್ಮ" ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಆದ್ರೆ ಹೂಂ ಅಂದ್ರು.

ರಂಗೋಲಿ ವಿಷಯದಲ್ಲಿ ರಾಜಿ ಆಯ್ತು. ನೀರು ಹಾಕೋದು ಹಿಂದಿನ ಸಂಜೆ, ರಂಗೋಲಿ ಬೆಳಿಗ್ಗೆ ಒಣ ನೆಲದ ಮೇಲೆ, ಲೈಟ್ ಹಾಕಿಕೊಂಡು. ಎದ್ದ ತಕ್ಷಣ ಇಳಿಯದೇ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಬೇಕು. ಸಂಜೆ ಕುರ್ಚಿಯಿಂದ ಕೈ ಊರದೇ ಹತ್ತು ಸಲ ಎದ್ದು ಕೂರಬೇಕು, ಅಡುಗೆಕಟ್ಟೆ ಹಿಡಿದು ಒಂದೊಂದೇ ಕಾಲಲ್ಲಿ ನಿಲ್ಲಬೇಕು. ಬ್ಯಾಲೆನ್ಸಿನ ಇಂಥ ಅಭ್ಯಾಸಗಳಿಂದ ಬೀಳೋದು ಕಡಿಮೆ ಆಗುತ್ತೆ ಅನ್ನೋದಕ್ಕೆ ಒಳ್ಳೆ ಆಧಾರ ಇದೆ. ಹಾಲು ಉಕ್ಕೋಕೆ ಕಾಯುವಾಗ ಮಾಡ್ತೀನಿ ಅಂದಿದ್ದಾರೆ.

ನಿನ್ನೆ ವಿಡಿಯೋ ಕಾಲಿನಲ್ಲಿ ಬಚ್ಚಲು ತೋರಿಸು ಅಂದೆ. ತೋರಿಸಿದ್ರು. ಸ್ಟೀಲ್ ಹಿಡಿಕೆ ಎರಡೂ ಗಟ್ಟಿಯಾಗಿದ್ವು. ಒಂದರ ಮೇಲೆ ಅಪ್ಪನ ಟವೆಲ್, ಇನ್ನೊಂದರ ಮೇಲೆ ಒಗೆದ ಬ್ಲೌಸು ನೇತಾಡ್ತಿತ್ತು. ಬಟ್ಟೆ ಒಣಗೋಕೆ ತುಂಬಾ ಅನುಕೂಲ ಆಯ್ತು ಕಣೋ, ಇನ್ನೊಂದು ಹಾಕ್ಸಿಕೊಡ್ತೀಯಾ ಅಂತ ಕೇಳಿದ್ರು. ಇವತ್ತು ಆರ್ಡರ್ ಮಾಡಿದೆ.